ಮೇಲಧಿಕಾರಿಗಳ ಮುಖಲಕ್ಷಣ

ನಮ್ಮ ಮನೆಯಲ್ಲಿ ಮೂರು ವರ್ಷಗಳ ಕಾಲ ಪಂಚಾಂಗಕ್ಕಿಂತಲೂ ಹೆಚ್ಚು ಶ್ರದ್ಧೆಯಿಂದ ನೋಡಲ್ಪಡುತ್ತಿದ್ದುದು ನಮ್ಮ ಮೇಲಧಿಕಾರಿಗಳ ಮುಖವು. ಆ ಮುಖವನ್ನು ಮನೆಯವರಾರೂ ಕಣ್ಣಾರೆ ಕಂಡವರಲ್ಲ. ಆದರೂ ಸಂಜೆ ನಾವು ಬಾಗಿಲಲ್ಲಿ ಚಪ್ಪಲಿಗಳನ್ನು ಬಿಡುವ ಸದ್ದಿನಿಂದಲೇ ಆ ದಿನ ಅದು ಪ್ರಸನ್ನವಾಗಿದ್ದಿತೋ ಕೆರಳಿದ್ದಿತೋ ಎಂಬುದನ್ನು ನಮ್ಮ ಏಳು ವರ್ಷದ ಮಗಳು ನಿಷ್ಕರ್ಷೆ ಮಾಡಿಬಿಡುತ್ತಿದ್ದಳು. ಚಪ್ಪಲಿ ಮೆಲ್ಲನೆ ಬಿದ್ದರೆ ಪಾಠದ ಪುಸ್ತಕವನ್ನು ತಂದು ನಮ್ಮ ಮಗ್ಗುಲಲ್ಲಿ ಕೂರುವಳು. ಗೋಡೆಗೆ ತಗುಲಿ ಬಿದ್ದರೆ ಅಡುಗೆಯ ಮನೆಗೆ ಸರಿದು ತಾಯಿಯ ಹಿಂದೆ ನಿಲ್ಲುವಳು. ಇದನ್ನು ನಾವು ಬಹುದಿನ ಅರಿಯೆವು. ಅರಿತ ಮೇಲೆ ಬರೆಯಬೇಕೆನಿಸಿದರೂ ಬಹುದಿನ ಬರೆಯಲಿಲ್ಲ. ಏಕೆಂದರೆ ಈ ಕಥೆಯಲ್ಲಿ ನಾವು ಕೇವಲ ಪೆಟ್ಟು ತಿಂದವರಲ್ಲ.

ನಾವು ಬೆಂಗಳೂರಿನ ಒಂದು ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸದವರು. ಕಚೇರಿಯ ಹೆಸರಾಗಲಿ ಅಧಿಕಾರಿಗಳ ಹೆಸರಾಗಲಿ ವಾಚಕರಿಗೆ ಬೇಕಾದುದಲ್ಲ. ಇಂತಹ ಕಚೇರಿ ಒಂದೇ ಅಲ್ಲವಾದುದರಿಂದ, ತಮಗೆ ತಿಳಿದ ಯಾವುದಾದರೊಂದು ಹೆಸರನ್ನು ಅವರೇ ತುಂಬಿಕೊಳ್ಳಬಹುದು.

ಹೊಸ ಅಧಿಕಾರಿಗಳು ಬಂದ ದಿನ ಎಲ್ಲರಿಗೂ ಮೈಸೂರುಪಾಕು ಹಂಚಿದರು. ಒಬ್ಬೊಬ್ಬರ ಊರು, ಮಕ್ಕಳ ವಿದ್ಯಾಭ್ಯಾಸ, ತಾಯಿತಂದೆಗಳ ಆರೋಗ್ಯ ಇವನ್ನೆಲ್ಲ ವಿಚಾರಿಸಿದರು. ಇದು ಕಚೇರಿಯಲ್ಲ, ಒಂದು ಕುಟುಂಬ ಎಂದು ತಿಳಿಯಿರಿ ಎಂದರು. ನಾವು ಹಿಗ್ಗಿನಿಂದ ಮನೆಗೆ ಬಂದು ಈ ಮಾತನ್ನು ಹೇಳಲಾಗಿ ನಮ್ಮ ಗೃಹಿಣಿಯು, “ಕುಟುಂಬವಾದರೆ ರಾತ್ರಿಯ ಊಟಕ್ಕೂ ಅಲ್ಲಿಯೇ ಇರಿ ಎಂದಾರು” ಎಂದಳು. ವಿನೋದಕ್ಕೆ ಆಡಿದ ಆ ಮಾತು ತಿಂಗಳೊಳಗಾಗಿ ನಿಜವಾಯಿತು.

ವಿಷವೆಂದರೆ ಕಹಿಯಾಗಿಯೇ ಇರಬೇಕೆಂದು ನಾವು ಭಾವಿಸಿದ್ದೆವು. ಇದು ಹಾಗಿರಲಿಲ್ಲ. ಮೊದಲು ನಮ್ಮನ್ನು ಒಬ್ಬರನ್ನೇ ಕೊಠಡಿಗೆ ಕರೆದು, ಈ ವಿಭಾಗದಲ್ಲಿ ನಂಬತಕ್ಕವರು ನೀವೊಬ್ಬರೇ ಎಂದು ಹೇಳಿ, ಪಕ್ಕದ ಮೇಜಿನವರ ಕೆಲಸದ ವಿಷಯವಾಗಿ ಎರಡು ಮಾತು ಕೇಳಿದರು. ಹೊಗಳಿಕೆಯ ಅಮಲಿನಲ್ಲಿ ನಾವು ನಾಲ್ಕು ಮಾತು ಹೇಳಿದೆವು. ನಂಬತಕ್ಕವರು ನೀವೊಬ್ಬರೇ ಎಂಬ ಈ ಮಾತನ್ನು ವಿಭಾಗದ ಏಳು ಮಂದಿಗೂ ಪ್ರತ್ಯೇಕ ಪ್ರತ್ಯೇಕವಾಗಿ ಹೇಳಿದ್ದರೆಂದು ತಿಳಿದುಬರಲು ನಮಗೆ ಒಂದು ವರ್ಷ ಬೇಕಾಯಿತು. ಏಕೆಂದರೆ ಅಷ್ಟರಲ್ಲಿ ಏಳು ಮಂದಿಯೂ ಒಬ್ಬರೊಡನೊಬ್ಬರು ಮನಸ್ಸು ಬಿಚ್ಚಿ ಮಾತನಾಡುವುದನ್ನೇ ಬಿಟ್ಟಿದ್ದೆವು. ಒಟ್ಟಿಗೆ ಕುಳಿತು ಬುತ್ತಿ ಬಿಚ್ಚುತ್ತಿದ್ದವರು ತಂತಮ್ಮ ಮೇಜಿನ ಮೇಲೆಯೇ ಗೋಡೆಯ ಕಡೆ ಮುಖ ಮಾಡಿಕೊಂಡು ಉಣ್ಣುವ ಹಾಗಾಯಿತು.

ಆಮೇಲೆ ಸೋಮವಾರದ ಸಭೆಗಳು ಪ್ರಾರಂಭವಾದವು. ಪ್ರತಿ ಸೋಮವಾರವೂ ಒಬ್ಬನನ್ನು ಆರಿಸಿ ಎಲ್ಲರೆದುರು ಹೀನಾಯವಾಗಿ ಆಡುವುದು. ತಪ್ಪು ದೊಡ್ಡದಿರಬೇಕೆಂದೇನೂ ಇಲ್ಲ. ಕೆಲವು ಸಲ ತಪ್ಪೇ ಇರುತ್ತಿರಲಿಲ್ಲ. ಹಿಂದಿನ ವಾರ ಕೊಂಡಾಡಲ್ಪಟ್ಟವನೇ ಈ ವಾರ ಬಲಿಯಾಗುವುದೂ ಉಂಟು. ಉಳಿದ ಆರು ಮಂದಿಯ ಸ್ಥಿತಿಯನ್ನು ಹೇಳಿಕೊಳ್ಳುವುದು ನಾಚಿಕೆಯ ಮಾತು: ಈ ವಾರ ನಮ್ಮ ಸರದಿಯಲ್ಲವಲ್ಲ ಎಂಬ ನೆಮ್ಮದಿಯು ಬಿಸಿ ಕಾಫಿಯಂತೆ ಎದೆಯೊಳಗೆ ಇಳಿಯುತ್ತಿದ್ದಿತು. ರಾತ್ರಿ ಹನ್ನೊಂದು ಗಂಟೆಗೆ ಮೊಬೈಲಿನ ವಾಟ್ಸಾಪು ಗುಂಪಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ ಬರುವುದು. ಯಾರನ್ನು ಕುರಿತು, ಯಾವ ವಿಷಯ ಎಂಬುದಿಲ್ಲ. ಏಳು ಮನೆಗಳಲ್ಲಿ ಏಳು ಮಂದಿ ನಿದ್ದೆಗೆಡುತ್ತಿದ್ದೆವು.

ಎಲ್ಲಕ್ಕಿಂತ ಮುಖ್ಯವಾದ ಲಕ್ಷಣವನ್ನು ನಾವು ಲೆಕ್ಕದವರಾಗಿದ್ದೂ ಕಡೆಯಲ್ಲಿ ಗಮನಿಸಿದೆವು. ಅವರ ಅಪ್ಪಣೆಗಳಾವುವೂ ಬರೆಹದಲ್ಲಿ ಇರುತ್ತಿರಲಿಲ್ಲ. ಬಾಗಿಲಲ್ಲಿ ನಿಂತು, ಲಿಫ್ಟಿನಲ್ಲಿ ಇಳಿಯುತ್ತ, ಕಾರಿನ ಗಾಜನ್ನು ಇಳಿಸಿ ಬಾಯಿಮಾತಿನಲ್ಲಿ ಹೇಳಿಬಿಡುವರು. ಕೆಲಸ ಕೈಗೂಡಿದರೆ ಅದು ಅವರ ಸಮಯಸ್ಫೂರ್ತಿ, ಕೆಟ್ಟರೆ, “ಯಾರು ಹೇಳಿದರು ನಿನಗೆ?” ಎಂಬ ಪ್ರಶ್ನೆ.

ಇಲ್ಲಿ ಒಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ಗದರುವವರೆಲ್ಲರೂ ಕೆಟ್ಟವರಲ್ಲ. ಇವರಿಗೆ ಮೊದಲು ನಮಗಿದ್ದ ಅಧಿಕಾರಿಗಳ ಮಾತು ಒಣಮೆಣಸಿನಕಾಯಿ. ಒಂದು ಪತ್ರದ ಕರಡನ್ನು ಐದು ಸಲ ಹಿಂದಿರುಗಿಸಿ, ಆರನೆಯ ಸಲ ಒಂದು ಅಲ್ಪವಿರಾಮಕ್ಕಾಗಿ ಮತ್ತೆ ಎಸೆದಿದ್ದರು. ನಾವು ಅವರನ್ನು ಬೆನ್ನ ಹಿಂದೆ ಎಷ್ಟು ಬೈದೆವೋ ಲೆಕ್ಕವಿಲ್ಲ. ಆದರೆ ಒಂದು ವರ್ಷಾಂತ್ಯದಲ್ಲಿ ನಮ್ಮ ಅಜಾಗರೂಕತೆಯಿಂದ ಎರಡು ಲಕ್ಷ ರೂಪಾಯಿಗಳ ಲೆಕ್ಕ ತಾಳೆಯಾಗದೆ ಹೋಗಿ ಮೇಲಿನಿಂದ ವಿವರಣೆ ಕೇಳಿದಾಗ, ಆ ಮನುಷ್ಯರು ನಮ್ಮ ಹೆಸರನ್ನು ಎತ್ತದೆ, ಪರಿಶೀಲನೆಯ ಹೊಣೆ ತಮ್ಮದೆಂದು ಬರೆದು ರುಜು ಹಾಕಿ ಕಳುಹಿಸಿದರು. ಅನಂತರ ಬಾಗಿಲು ಮುಚ್ಚಿ ಕಿವಿ ಕಾಯುವಂತೆ ನಮ್ಮನ್ನು ಬೈದರು. ಮರುದಿನ ಬೆಳಗ್ಗೆ ಆ ವಿಷಯವೇ ಇಲ್ಲ. ತಪ್ಪಿನ ಹೊಣೆಯು ಮೇಲಕ್ಕೆ ಏರುತ್ತದೆಯೋ ಕೆಳಕ್ಕೆ ಹರಿಯುತ್ತದೆಯೋ ಎಂಬುದೊಂದನ್ನು ನೋಡಿದರೆ ಬಿರುಸಿನ ಅಧಿಕಾರಿಗೂ ವಿಷದ ಅಧಿಕಾರಿಗೂ ಇರುವ ಅಂತರ ತಿಳಿಯುವುದೆಂದು ನಮ್ಮ ಎಣಿಕೆ. ಗಂಟಲಿನ ಎತ್ತರದಿಂದ ಇದನ್ನು ಅಳೆಯಲಾಗದು. ನಮ್ಮ ಹೊಸ ಅಧಿಕಾರಿಗಳು ಅನೇಕ ವೇಳೆ ಬಹು ಮೆಲ್ಲಗೆ, ಮುಗುಳ್ನಗುತ್ತಲೇ ಮಾತನಾಡುತ್ತಿದ್ದರು.

ಒಡೆಯನ ಮುಖವನ್ನು ಓದುವ ವಿದ್ಯೆಯು ಹೊಸದಲ್ಲ. ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದ ಓಲೆಗರಿಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿರುವುದನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಸಂಗತಿಯು ನಮ್ಮ ವಾಚಕರಿಗೆ ತಿಳಿದೇ ಇದೆ. ಆ ಗ್ರಂಥದ ಐದನೆಯ ಅಧಿಕರಣದಲ್ಲಿ ರಾಜನ ಬಳಿ ಸೇವೆಯಲ್ಲಿರತಕ್ಕವನ ನಡವಳಿಕೆಯನ್ನು ಹೇಳಿದೆ. ಪ್ರಭುವು ಮುನಿದಿದ್ದಾನೆಂಬುದನ್ನು ಹೇಗೆ ಅರಿಯಬೇಕು? ಆಸನ ಕೊಡುವುದಿಲ್ಲ, ಮುಖವೆತ್ತಿ ನೋಡುವುದಿಲ್ಲ, ಆಡುತ್ತಿರುವ ಮಾತನ್ನು ನಡುವೆ ತುಂಡರಿಸುತ್ತಾನೆ, ಹುಬ್ಬು ಗಂಟಿಕ್ಕುತ್ತಾನೆ, ತುಟಿ ಕಚ್ಚುತ್ತಾನೆ, ಕಾರಣವಿಲ್ಲದೆ ನಗುತ್ತಾನೆ. ಇದನ್ನು ಓದಿದಾಗ ಎರಡು ಸಹಸ್ರ ವರ್ಷಗಳ ಹಿಂದೆ ಯಾರೋ ನಮ್ಮ ಸೋಮವಾರದ ಸಭೆಯಲ್ಲಿ ಮೂಲೆಯಲ್ಲಿ ಕುಳಿತು ಬರೆದುಕೊಂಡಂತೆ ತೋರಿತು. ಅಷ್ಟಕ್ಕೇ ನಿಲ್ಲದೆ, ಇಂತಹ ಸೂಚನೆಗಳನ್ನು ಕಂಡು ಪ್ರಭುವನ್ನು ಬಿಟ್ಟು ಹೊರಟುಹೋದ ಆಚಾರ್ಯರ ಹೆಸರುಗಳನ್ನೂ ಅಲ್ಲಿ ಕೊಟ್ಟಿದೆ. ನೀರನ್ನು ಎತ್ತರದಿಂದ ಸುರಿಯುತ್ತಿದ್ದುದನ್ನು ಕಂಡು ಕಾತ್ಯಾಯನನು ಹೊರಟನು. ನಾಯಿ ಬೊಗಳಿದ್ದನ್ನು ಕೇಳಿ ಪಿಶುನನ ಮಗನು ಹೊರಟನು. ನಮಗೆ ವರ್ಷವಿಡೀ ಬೊಗಳಿದ್ದು ಕೇಳಿಸಿದರೂ ಹೊರಡಲಾಗಲಿಲ್ಲ. ಕಾತ್ಯಾಯನನಿಗೆ ಮನೆಯ ಸಾಲದ ಮಾಸಿಕ ಕಂತು ಇರಲಿಲ್ಲವೆಂದು ತೋರುತ್ತದೆ.

ಹಾಸ್ಯಕ್ಕೆ ಹೇಳಿದೆವಾದರೂ ಅದು ಹಾಸ್ಯವಲ್ಲ. ಬಿಟ್ಟು ಬನ್ನಿರಿ ಎಂದು ಸ್ನೇಹಿತರು ಸುಲಭವಾಗಿ ಹೇಳುವರು. ಸಾಲವೂ, ತಾಯಿಯ ಔಷಧಿಯೂ, ಮಗಳ ಶಾಲೆಯ ಫೀಜೂ ಇರುವ ಮನೆಯಲ್ಲಿ ಆ ಮಾತು ಅಷ್ಟು ಸುಲಭವಾಗಿ ಇಳಿಯುವುದಿಲ್ಲ. ಹೊಟ್ಟೆಯ ಪಾಡಿಗೆ ಸೈರಿಸಿಕೋ ಎಂದು ಹಿರಿಯರು ಹೇಳುವರು. ನಾವು ಸೈರಿಸಿಕೊಂಡೆವು. ಸೈರಣೆಯು ಹೇಗೆ ಹೇಡಿತನವಾಗಿ ತಿರುಗಿತೆಂಬುದನ್ನು ಈಗ ಹೇಳಬೇಕು.

ಹಾವೇರಿಯ ಕಡೆಯ ಒಬ್ಬ ತರುಣನು ನಮ್ಮ ವಿಭಾಗಕ್ಕೆ ಹೊಸದಾಗಿ ಬಂದಿದ್ದನು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ನೇರ. ಒಂದು ಮಾರ್ಚಿಯ ಕಡೆಯ ವಾರದಲ್ಲಿ ವೆಚ್ಚವು ಮಂಜೂರಾದ ಮಿತಿಯನ್ನು ದಾಟುವಂತಿದ್ದುದರಿಂದ ಅಧಿಕಾರಿಗಳು ಅವನ ಮೇಜಿನ ಬಳಿ ನಿಂತು, ಒಂದು ಬಿಲ್ಲನ್ನು ಏಪ್ರಿಲಿನಲ್ಲಿ ಖರ್ಚು ಬರೆಯುವಂತೆ ಹೇಳಿದರು. ಹಾಗೆ ಬರೆಯುವುದು ಸರಿಯಲ್ಲವೆಂದು ಅವನು ಮೆಲ್ಲನೆ ಅಂದನು. “ಹೇಳಿದಷ್ಟು ಮಾಡು” ಎಂದು ಅವರು ಹೋದರು. ನಾವು ಎರಡು ಮೊಳ ದೂರದಲ್ಲಿ ಕುಳಿತಿದ್ದೆವು. ಜೂನಿನಲ್ಲಿ ಲೆಕ್ಕ ತನಿಖೆಯವರು ಅದನ್ನು ಹಿಡಿದರು.

ಆ ಸೋಮವಾರ ಆ ತರುಣನ ಸರದಿ. “ಯಾರು ಹೇಳಿದರು ನಿನಗೆ?” ಎಂದು ಪ್ರಶ್ನೆ ಬಂದಿತು. “ತಾವೇ ಸಾರ್, ಇವರೂ ಅಲ್ಲಿಯೇ ಇದ್ದರು” ಎಂದು ಅವನು ನಮ್ಮ ಕಡೆ ಕೈ ತೋರಿಸಿದನು. ಅಧಿಕಾರಿಗಳು ನಮ್ಮ ಕಡೆ ತಿರುಗಿ, ಪ್ರಸನ್ನವದನರಾಗಿ, “ಹೌದೇ? ನಾನು ಹಾಗೆ ಹೇಳಿದ್ದು ತಾವು ಕೇಳಿದಿರಾ?” ಎಂದು ಕೇಳಿದರು. ತಲೆಯ ಮೇಲೆ ಫ್ಯಾನು ತಿರುಗುತ್ತಿದ್ದಿತು. ನಾವು ಮೇಜಿನ ಮೇಲಿದ್ದ ನೀರಿನ ಲೋಟವನ್ನು ನೋಡಿದೆವು. “ನೆನಪಿಲ್ಲ” ಎಂದೆವು.

ಅವನು ಒಂದು ಸಲ ನಮ್ಮನ್ನು ನೋಡಿ ಮತ್ತೆ ನೋಡಲಿಲ್ಲ.

ಆ ಸಂಜೆ ಮನೆಗೆ ಬಂದಾಗ ಮಗಳು ನಮ್ಮ ಮೇಜಿನ ಮೇಲಿನ ಕಾಗದಗಳಿಂದ ದೋಣಿಗಳನ್ನು ಮಡಿಸಿ ನಡುಮನೆಯಲ್ಲೆಲ್ಲ ಸಾಲಾಗಿ ಇಟ್ಟಿದ್ದಳು. “ಇವನ್ನು ಮುಟ್ಟೆಂದು ಯಾರು ಹೇಳಿದರು ನಿನಗೆ?” ಎಂದು ನಾವು ಕಿರಿಚಿದೆವು. ಮಗು ಬೆದರಿ, “ಹಳೆಯ ಕಾಗದ ತೆಗೆದುಕೋ ಎಂದು ನೀವೇ ಬೆಳಗ್ಗೆ ಹೇಳಿದಿರಲ್ಲ, ಅಪ್ಪ” ಎಂದಿತು. ನಿಜವೇ, ನಾವೇ ಹೇಳಿದ್ದೆವು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬ ಗಾದೆಯನ್ನು ಬಾಲ್ಯದಿಂದ ಕೇಳಿದ್ದವರಿಗೂ ಇದು ಕೋಪವಲ್ಲ, ಬೇರೆಯದು ಎಂದು ತಿಳಿಯಿತು. ಮಾತು ಅವರದು, ರಾಗವೂ ಅವರದು. ಗಂಟಲು ಮಾತ್ರ ನಮ್ಮದಾಗಿದ್ದಿತು. ಗೃಹಿಣಿಯು ಅಡುಗೆಯ ಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಏನೂ ಹೇಳಲಿಲ್ಲ. ರಾತ್ರಿ ಮಗು ಮಲಗಿದ ಮೇಲೆ ನಾವೇ ಎಲ್ಲವನ್ನೂ ಹೇಳಿದೆವು. ಸಮಾಧಾನದ ಮಾತನ್ನು ನಿರೀಕ್ಷಿಸಿದ್ದೆವು. ಆಕೆ, “ಆ ಹುಡುಗನ ತಾಯಿ ಈ ಹೊತ್ತು ಫೋನಿನಲ್ಲಿ ಅವನ ದನಿ ಕೇಳುತ್ತಿರಬೇಕು” ಎಂದು ಮಾತ್ರ ಹೇಳಿ ದೀಪ ಆರಿಸಿದಳು.

ಮರುದಿನ ನಾವು ಮಾಡಿದ ಮೊದಲ ಕೆಲಸವು ಧೀರತನದ್ದಲ್ಲ, ಗುಮಾಸ್ತಿಕೆಯದು. ಒಂದು ಸಣ್ಣ ಪುಸ್ತಕವನ್ನು ಕೊಂಡು, ಮಾರ್ಚಿಯಲ್ಲಿ ಕೇಳಿದ ಮಾತನ್ನು ತಿಥಿ ವೇಳೆ ಸಹಿತ ಬರೆದೆವು. ಅಂದಿನಿಂದ ಯಾವ ಬಾಯಿಮಾತಿನ ಅಪ್ಪಣೆಯಾದರೂ ಸರಿಯೆ, ಅರ್ಧ ಗಂಟೆಯೊಳಗೆ, “ತಾವು ಈ ದಿನ ಅಪ್ಪಣೆ ಮಾಡಿದಂತೆ ಇಂತಹ ಕೆಲಸವನ್ನು ಹೀಗೆ ಮಾಡುತ್ತಿದ್ದೇವೆ, ತಪ್ಪಿದ್ದರೆ ತಿಳಿಸಬೇಕು” ಎಂದು ವಿನಯಪೂರ್ವಕವಾಗಿ ಇಮೇಲು ಕಳುಹಿಸತೊಡಗಿದೆವು. ಇದರಲ್ಲಿ ಒಂದು ಕಟುಶಬ್ದವಿಲ್ಲ, ಯಾರೂ ಆಕ್ಷೇಪಿಸುವಂತಿಲ್ಲ. ಆದರೆ ಅದರ ಪರಿಣಾಮವು ವಿಚಿತ್ರ. ಮೂರನೆಯ ಪತ್ರಕ್ಕೆ ಅಧಿಕಾರಿಗಳು, ನಂಬಿಕೆಯಿಲ್ಲವೇ ಎಂದು ಕೇಳಿದರು. ನೆನಪು ಕಡಮೆಯಾಗಿದೆ ಎಂದೆವು. ಹತ್ತನೆಯ ಪತ್ರದ ಹೊತ್ತಿಗೆ ಲಿಫ್ಟಿನ ಅಪ್ಪಣೆಗಳು ನಿಂತುಹೋದವು. ರಾತ್ರಿ ಒಂಬತ್ತರ ಮೇಲೆ ಮೊಬೈಲನ್ನು ಆರಿಸಿ ಕಪಾಟಿನಲ್ಲಿಟ್ಟೆವು. ಮೊದಲ ರಾತ್ರಿ ಕೈ ತಾನೇ ತಾನಾಗಿ ಕಪಾಟಿನ ಕಡೆ ಹೋಗುತ್ತಿದ್ದಿತು. ಬೆಳಗ್ಗೆ ನೋಡಿದರೆ ಭೂಮಿಯು ಮೊದಲಿದ್ದಲ್ಲಿಯೇ ಇದ್ದಿತು.

ಎರಡನೆಯ ಕೆಲಸ ಕಷ್ಟದ್ದು. ಆ ತರುಣನನ್ನು ಕರೆದುಕೊಂಡು ಹೋಗಿ, ಕಾಫಿಯ ಅಂಗಡಿಯಲ್ಲಿ ನಿಂತು, ನೆನಪಿದ್ದಿತು ಎಂದು ಹೇಳಿದೆವು. ಗೊತ್ತು ಸಾರ್ ಎಂದನು. ಅಷ್ಟೇ. ಬಳಿಕ ನಾವು ಕೇಳಿದ್ದನ್ನು ಕೇಳಿದಂತೆ, ವಿಶೇಷಣಗಳಿಲ್ಲದೆ, ಒಂದು ಪುಟದಲ್ಲಿ ಬರೆದು ಮೇಲಿನ ಕಚೇರಿಗೆ ಕಳುಹಿಸಿದೆವು. ಹೊಸ ಕಾಗದವನ್ನು ಮೂರು ಸಲ ಹರಿದು ಬರೆಯಬೇಕಾಯಿತು. ಮೊದಲೆರಡರಲ್ಲಿ ನಮ್ಮ ಕೋಪವೇ ಹೆಚ್ಚಾಗಿದ್ದಿತು. ಇನ್ನಿಬ್ಬರು ಸಹೋದ್ಯೋಗಿಗಳು ತಾವೂ ರುಜು ಹಾಕುವೆವೆಂದು ಮುಂದೆ ಬಂದರು, ನಾಲ್ವರು ಬರಲಿಲ್ಲ. ಬಾರದವರನ್ನು ನಾವು ದೂರುವಂತಿಲ್ಲ. ಅವರ ಜಾಗದಲ್ಲಿ ನಾವೇ ಹಿಂದಿನ ವಾರ ಕುಳಿತಿದ್ದೆವು.

ಒಬ್ಬ ಮನುಷ್ಯನ ಸ್ವಭಾವದಿಂದಲೇ ಇಷ್ಟಾಗುವಾಗ, ಒಂದು ಸಂಸ್ಥೆಯು ಇದನ್ನೇ ತನ್ನ ನೀತಿಯನ್ನಾಗಿ ಮಾಡಿಕೊಂಡರೆ ಏನಾದೀತೆಂಬುದಕ್ಕೆ ಫ್ರಾನ್ಸ್ ದೇಶದ ಒಂದು ನಿದರ್ಶನವುಂಟು. ಅಲ್ಲಿನ ಫ್ರಾನ್ಸ್ ಟೆಲಿಕಾಂ ಎಂಬ ದೂರವಾಣಿ ಸಂಸ್ಥೆಯು 2006ರಿಂದ 2008ರೊಳಗೆ ತನ್ನ ಸುಮಾರು 1,20,000 ನೌಕರರಲ್ಲಿ 22,000 ಮಂದಿಯನ್ನು ಹೊರಗೆ ಕಳುಹಿಸಬೇಕೆಂದು ನಿಶ್ಚಯಿಸಿತು. ಬಹುಮಂದಿ ಹಿಂದೆ ಸರಕಾರಿ ನೌಕರರಾಗಿದ್ದ ಹಕ್ಕಿನಿಂದ, ತೆಗೆದುಹಾಕಬರುವಂತಿರಲಿಲ್ಲ. ಆದುದರಿಂದ ಅವರಾಗಿಯೇ ಹೋಗುವಂತೆ ಮಾಡತಕ್ಕದ್ದೆಂದಾಯಿತು: ಪದೇಪದೇ ವರ್ಗ, ಅಭ್ಯಾಸವಿಲ್ಲದ ಕೆಲಸ, ಕೆಲಸವನ್ನೇ ಕೊಡದೆ ಕೂರಿಸುವುದು. ಕಿಟಕಿಯಿಂದಲೋ ಬಾಗಿಲಿನಿಂದಲೋ ಅವರನ್ನು ಹೊರಡಿಸುವೆನೆಂದು ಸಂಸ್ಥೆಯ ಮುಖ್ಯಸ್ಥ ದಿದಿಯೇ ಲೊಂಬಾರರು 2006ರಲ್ಲಿ ತಮ್ಮ ಅಧಿಕಾರಿಗಳೆದುರು ಆಡಿದ ಮಾತು ಮುಂದೆ ನ್ಯಾಯಾಲಯದಲ್ಲಿ ಅವರನ್ನೇ ಹಿಂಬಾಲಿಸಿತು. ನ್ಯಾಯಾಲಯವು ಪರಿಶೀಲಿಸಿದ 39 ನೌಕರರ ಪೈಕಿ 19 ಮಂದಿ ಪ್ರಾಣ ಕಳೆದುಕೊಂಡವರು. 12 ಮಂದಿ ಅದಕ್ಕೆ ಯತ್ನಿಸಿದವರು. 2019ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನ ನ್ಯಾಯಾಲಯವು ಮುಖ್ಯಸ್ಥರನ್ನೂ ಸಂಸ್ಥೆಯನ್ನೂ ಅಪರಾಧಿಗಳೆಂದು ತೀರ್ಮಾನಿಸಿತು. ಅಪೀಲಿನಲ್ಲಿ ಸೆರೆವಾಸದ ಶಿಕ್ಷೆಯು ಜಾರಿಗೆ ಬಾರದಂತೆ ಅಮಾನತಿನಲ್ಲಿ ಇಡಲ್ಪಟ್ಟಿತಾದರೂ ಅಪರಾಧದ ತೀರ್ಮಾನವು ಉಳಿದು, 2025ರ ಜನವರಿಯಲ್ಲಿ ಆ ದೇಶದ ಅತ್ಯುನ್ನತ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಸಂಸ್ಥೆಗೆ ಬಿದ್ದ ದಂಡ 75,000 ಯೂರೋಗಳು. ಮೊತ್ತವನ್ನು ನೋಡಿದರೆ ಲೆಕ್ಕದವರಾದ ನಮಗೆ ನಿಟ್ಟುಸಿರು ಬರುತ್ತದೆ. ಆದರೂ ಯಾರನ್ನೂ ಕೈಯಿಂದ ಮುಟ್ಟದೆ, ಕೇವಲ ಆಡಳಿತದ ಕ್ರಮದಿಂದಲೇ ಅಪರಾಧವೆಸಗಬಹುದೆಂದು ಒಂದು ನ್ಯಾಯಾಲಯ ಹೇಳಿತಲ್ಲ!

ಜಪಾನಿನಲ್ಲಿ ಅಧಿಕಾರದ ಈ ಕಿರುಕುಳಕ್ಕೆ ‘ಪವಹರ’ ಎಂದು ಹೆಸರು. ಕೇಳಲು ಮನೋಹರ ಎಂಬಂತಿದ್ದರೂ ಅದು ಇಂಗ್ಲಿಷಿನ ಎರಡು ಪದಗಳ ತುಂಡುಗಳನ್ನು ಸೇರಿಸಿದ್ದು. ಅದನ್ನು ತಡೆಯುವ ಕರ್ತವ್ಯವನ್ನು 2020ರಲ್ಲಿ ದೊಡ್ಡ ಸಂಸ್ಥೆಗಳ ಮೇಲೂ 2022ರಲ್ಲಿ ಸಣ್ಣವುಗಳ ಮೇಲೂ ಅಲ್ಲಿನ ಕಾನೂನು ಹೊರಿಸಿದೆ. ನಮ್ಮ ದೇಶದಲ್ಲಿ, ಕೆಲಸದ ಸ್ಥಳದಲ್ಲಿ ಸ್ತ್ರೀಯರಿಗೆ ಆಗುವ ಲೈಂಗಿಕ ಕಿರುಕುಳದ ವಿಷಯದಲ್ಲಿ 1997ರ ವಿಶಾಖಾ ತೀರ್ಪೂ 2013ರ ಶಾಸನವೂ ಉಂಟು. ಹತ್ತು ಮಂದಿ ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಒಳದೂರು ಸಮಿತಿಯಿರಲೇಬೇಕು. ಸಾಧಾರಣವಾಗಿ ಮೂರು ತಿಂಗಳೊಳಗೆ ದೂರು ಕೊಡತಕ್ಕದ್ದು. ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿರುವ ಮನೆಯವರು ಇದನ್ನು ತಿಳಿದಿರುವುದು ಒಳಿತು. ಆದರೆ ಸೋಮವಾರದ ಸಭೆಗೂ ಹನ್ನೊಂದು ಗಂಟೆಯ ಪ್ರಶ್ನಾರ್ಥಕಕ್ಕೂ ಹೀಗೆ ಪ್ರತ್ಯೇಕವಾದ ಶಾಸನವಿಲ್ಲ. ಅಲ್ಲಿ ನಮಗೆ ಸಣ್ಣ ಪುಸ್ತಕವೇ ಗತಿ.

ನಮ್ಮ ಪತ್ರದ ಫಲವೇನಾಯಿತೆಂದು ವಾಚಕರು ಕೇಳುವರು. ಸ್ವೀಕೃತಿ ಬಂದಿತು. ಎರಡು ತಿಂಗಳ ಮೇಲೆ ಒಬ್ಬರು ಬಂದು ನಮ್ಮನ್ನೆಲ್ಲ ವಿಚಾರಿಸಿ ಬರೆದುಕೊಂಡು ಹೋದರು. ತರುಣನ ಮೇಲಿನ ದೋಷಾರೋಪಣೆಯನ್ನು ಕಡತದಿಂದ ತೆಗೆದರು. ಅಷ್ಟು ಹೊತ್ತಿಗೆ ಅವನು ಬೇರೆ ಕೆಲಸ ನೋಡಿಕೊಂಡು ರಾಜೀನಾಮೆ ಕೊಟ್ಟಾಗಿದ್ದಿತು. ಆ ವರ್ಷ ನಮಗೆ ಬರಬೇಕಾಗಿದ್ದ ಬಡ್ತಿ ಬರಲಿಲ್ಲ. ಎಂಟು ತಿಂಗಳಾದ ಮೇಲೆ ಅಧಿಕಾರಿಗಳಿಗೆ ವರ್ಗವಾಯಿತು, ಬಡ್ತಿಯ ಸಹಿತ. ಬೀಳ್ಕೊಡುಗೆಯ ದಿನ ಅವರು ಮತ್ತೆ ಮೈಸೂರುಪಾಕು ಹಂಚಿದರು. ನಾವೂ ತಿಂದೆವು. ಚೆನ್ನಾಗಿಯೇ ಇದ್ದಿತು.

ಈಗ ನಾವೇ ಒಂದು ಸಣ್ಣ ವಿಭಾಗಕ್ಕೆ ಮುಖ್ಯಸ್ಥರು. ಐದು ಮಂದಿ ಕೈಕೆಳಗಿದ್ದಾರೆ. ವರ್ಷಾಂತ್ಯದ ಒತ್ತಡದಲ್ಲಿ ಆ ಹಳೆಯ ಪ್ರಶ್ನೆಯು ನಾಲಗೆಯ ತುದಿಯವರೆಗೆ ಬಂದದ್ದುಂಟು. ಒಂದೆರಡು ಸಲ ಹೊರಬಿದ್ದದ್ದೂ ಉಂಟು. ನಮ್ಮ ಕೈಕೆಳಗಿನ ಹುಡುಗಿಯೊಬ್ಬಳು ಕಳೆದ ತಿಂಗಳು, “ತಾವು ಈ ದಿನ ಹೇಳಿದಂತೆ” ಎಂದು ನಮಗೇ ಒಂದು ಇಮೇಲು ಕಳುಹಿಸಿದಳು. ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ಸರಿಯಾಗಿದೆ ಎಂದು ಉತ್ತರ ಬರೆದೆವು.

ಮೊನ್ನೆ ಯಶವಂತಪುರದ ರೈಲ್ವೆ ನಿಲ್ದಾಣದಲ್ಲಿ ಹುಬ್ಬಳ್ಳಿಯ ಬಂಡಿಗೆ ಕಾದಿದ್ದಾಗ ಆ ತರುಣನು ಸಿಕ್ಕಿದನು. ಮದುವೆಯಾಗಿದೆ, ಮಗುವಿಗೆ ಜವಳ ತೆಗೆಸಲು ಊರಿಗೆ ಹೊರಟಿದ್ದನು. ಅವನೇ ಕಾಫಿ ಕೊಡಿಸಿದನು. ಕ್ಷೇಮಸಮಾಚಾರಗಳಾದ ಮೇಲೆ ಮನಸ್ಸು ತಡೆಯದೆ ನಾವು, “ಅಂದು ಸಭೆಯಲ್ಲಿ...” ಎಂದು ತೊಡಗಿದೆವು. ಅವನು ಲೋಟವನ್ನು ಕೆಳಗಿಟ್ಟು, ನಗುತ್ತ, “ನೆನಪಿಲ್ಲ ಸಾರ್” ಎಂದನು. ಅದು ಕ್ಷಮೆಯೋ, ನಾವು ಕೊಟ್ಟಿದ್ದನ್ನು ನಮಗೇ ಹಿಂದಿರುಗಿಸಿದ್ದೋ ಎಂದು ಅವನ ಮುಖವನ್ನು ನೋಡಿದೆವು. ಮುಖವನ್ನೋದುವುದರಲ್ಲಿ ನಮಗೆ ಮೂರು ವರ್ಷಗಳ ಅಭ್ಯಾಸವಿದ್ದರೂ ಏನೂ ತಿಳಿಯಲಿಲ್ಲ. ಅಷ್ಟರಲ್ಲಿ ಬಂಡಿ ಬಂದಿತು; ಅವನು ಮಗುವನ್ನು ಎತ್ತಿಕೊಂಡು ಹೆಂಡತಿಯೊಡನೆ ಮುಂದಿನ ಡಬ್ಬಿಯ ಕಡೆಗೆ ಓಡಿದನು.